ಲಾಂಚು ಬರುವ ತನಕ

ಚರ್ಚಿನ ಸಭೆಯವರೆಲ್ಲ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಚರ್ಚಿನಿಂದ ನದಿಯಾಚೆಯ ಊರುಗಳಿಗೆ ಸೇವೆಗೆಂದು ಹೊರಟ ತಂಡದಲ್ಲಿ ಒಬ್ಬ ಕಣ್ಣಿನ ಡಾಕ್ಟರು, ಇಬ್ಬರು ನರ್ಸುಗಳು, ಎಲ್ಲರಿಗೂ ಹಿರಿಯರಾಗಿ ಪಾಸ್ಟರು ಇದ್ದರು. ಅವಳಿಗೆ ಈ ಸಲ ಹೊರಡುವ ಮನಸ್ಸೇ ಇರಲಿಲ್ಲ. ದತ್ತು ಕೇಂದ್ರದಿಂದ ಕರೆ ಇವತ್ತು ಬಂದೀತು, ನಾಳೆ ಬಂದೀತು ಎಂದು ಅವಳೂ ಗಂಡನೂ ವರ್ಷಗಳಿಂದ ಕಾಯುತ್ತಿದ್ದರು. ಮಲಗುವ ಕೋಣೆಯಲ್ಲಿ ತಂದಿಟ್ಟಿದ್ದ ತೊಟ್ಟಿಲು ಬರಿದಾಗಿ ಕಾಣಬಾರದೆಂದು ಅದರೊಳಗೆ ಮಡಚಿದ ಬಟ್ಟೆ ಒಟ್ಟುತ್ತಿದ್ದಳು. "ನೀನು ಮನೇಲಿ ಕೂತ್ರೆ ಫೋನ್ ಬೇಗ ಬರುತ್ತಾ? ಹೋಗಿ ಬಾ, ಕೈಗೆ ಕೆಲಸ ಸಿಕ್ಕಿದ್ರೆ ತಲೆಗೂ ಸ್ವಲ್ಪ ಬಿಡುವು," ಎಂದು ಗಂಡನೇ ಬ್ಯಾಗು ತುಂಬಿ ಕಳಿಸಿದ್ದ.

ರಜೆಯಲ್ಲಿದ್ದ ಶಾಲೆಯ ಕೋಣೆಯೊಂದು ಅವಳ ಕಾರ್ಖಾನೆಯಾಯಿತು. ಮಕ್ಕಳ ಬೆಂಚಿನ ಮೇಲೆ ಪ್ಲಾಸ್ಟರು, ಮೇಣ, ಸಣ್ಣ ಚಾಕು; ಮೂಲೆಯಲ್ಲಿ ಅಚ್ಚು ಬೇಯಿಸುವ ಸ್ಟೌ. ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ತೆರೆದು ಕೂತವರೇ ಕೂತವರು. ಮೊದಲ ವಾರದಲ್ಲೇ ಬಂದವಳು ಒಬ್ಬ ಅಜ್ಜಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ತುಟಿಯೆರಡೂ ಒಳಕ್ಕೆ ಸೇದಿಕೊಂಡಿದ್ದವು. ಗಟ್ಟಿ ಪದಾರ್ಥ ತಿನ್ನಬೇಕೆಂಬ ಆಸೆಯಿರಬೇಕು ಎಂದುಕೊಂಡು ಹಲ್ಲಿನಕ್ಕ ಸಮಾಧಾನದ ಮಾತಾಡಿದಳು. ಅಜ್ಜಿ ತಲೆಯಾಡಿಸಿಬಿಟ್ಟಳು.

"ತಿನ್ನೋಕಲ್ಲ ಮಗಳೇ, ಮಾತಾಡೋಕೆ."

ಅಜ್ಜಿಯ ಗಂಡ ಪ್ರಾಯದಲ್ಲಿ ಬಾಯ್ಲರ್ ವರ್ಕ್‌ಶಾಪಿನ ಸದ್ದಿಗೆ ಕಿವಿ ಕಳೆದುಕೊಂಡವನು. ಅಂದಿನಿಂದ ಅವನು ಅವಳ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ. ಬೇರೆಯವರದು ಅರ್ಧಂಬರ್ಧ, ಅವಳ ತುಟಿ ಮಾತ್ರ ಅವನಿಗೆ ಬಾಯಿಪಾಠ. ಹಲ್ಲೆಲ್ಲ ಹೋದ ಮೇಲೆ ಅವನಿಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಬರೆದು ತೋರಿಸೋಣವೆಂದರೆ ಅವಳಿಗೆ ಅಕ್ಷರ ಬಾರದು.

"ಔಷಧಿ ಕೊಡಿ ಅಂದ್ರೆ ಕೊಡೆ ತಂದ್ಕೊಡ್ತಾರೆ," ಎಂದು ಅಜ್ಜಿ ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಈಗೀಗ ನನ್ನ ಮುಖ ನೋಡೋದೇ ಬಿಟ್ಟಿದ್ದಾರೆ," ಎಂದಳು.

ಆ ಮಾತು ಹಲ್ಲಿನಕ್ಕನ ಎದೆಯಲ್ಲಿ ನಾಟಿತು. ಅಳತೆ ತೆಗೆದಳು, ಅಚ್ಚು ಹೊಯ್ದಳು. ಪ್ಲಾಸ್ಟರು ಒಣಗಿ, ಮೇಣದಲ್ಲಿ ಹಲ್ಲು ಕೂರಿಸಿ, ಹಾಕಿ ನೋಡಿ, ಬೇಯಿಸಿ, ತಾನಾಗಿ ತಣ್ಣಗಾಗಲು ಬಿಡಬೇಕು. ನಡುವೆ ಅವಸರ ಮಾಡಿದರೆ ಬಿರುಕು ಬಿಡುತ್ತದೆ. ತಂಡ ಮರಳುವ ಲಾಂಚು ಬರುವಷ್ಟರಲ್ಲಿ ಮುಗಿಯುತ್ತದೆಂಬ ಧೈರ್ಯವಿತ್ತು.

ಮೇಣದ ಹಲ್ಲು ಹಾಕಿ ನೋಡಬೇಕಿದ್ದ ಬೆಳಿಗ್ಗೆ ಗಂಡನ ಫೋನು ಬಂತು. ಆ ಊರಲ್ಲಿ ಫೋನು ಸಿಗುವುದು ಶಾಲೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಅಲ್ಲೇ ಇಟ್ಟಿದ್ದ ಫೋನು ರಿಂಗಾದದ್ದು ಕೇಳಿ ಅವಳು ಕೈಯಲ್ಲಿ ಮೇಣ ಹಿಡಿದೇ ಓಡಿದಳು.

"ಹೆಣ್ಣು ಮಗು ಕಣೇ. ಎಂಟು ತಿಂಗಳಂತೆ. ನಾಳೆ ಮಧ್ಯಾಹ್ನದೊಳಗೆ ಇಬ್ಬರೂ ಬರಬೇಕಂತೆ," ಎಂದ ಗಂಡ. ಬರದಿದ್ದರೆ ಏನು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸರದಿಯಲ್ಲಿ ತಮ್ಮ ಹಿಂದೆ ಎಷ್ಟು ಜನ ನಿಂತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ನದಿದಡಕ್ಕೆ ಓಡಿದಳು. ಲಾಂಚು ವಾರಕ್ಕೊಂದೇ ಸಲ, ಅದೂ ಇನ್ನು ಮೂರು ದಿನಕ್ಕೆ. ಸಣ್ಣ ದೋಣಿಯವನನ್ನು ಕಾಡಿ ಬೇಡಿದಳು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಈ ಸೆಳೆತದಲ್ಲಿ ದೋಣಿ ಇಳಿಸಿದರೆ ಇಬ್ಬರೂ ಹೋಗುತ್ತೇವೆ ಎಂದು ಅವನು ಕೈಮುಗಿದ. ಪಾಸ್ಟರೂ ಬಂದು ಅವನನ್ನು ಕೇಳಿ ನೋಡಿದರು. ಕೊನೆಗೆ ಅವಳ ಕಡೆ ತಿರುಗಿ, "ಅಮ್ಮಾ, ದೇವರ ಸಮಯ ಅಂತ ಒಂದಿರುತ್ತೆ..." ಎಂದು ಶುರುಮಾಡಿದರು.

"ಮನೆ ತುಂಬ ಮೊಮ್ಮಕ್ಕಳಿರೋವಾಗ ಆ ಮಾತು ಹೇಳೋದು ಸುಲಭ ಪಾಸ್ಟರ್," ಎಂದಳು ಅವಳು.

ಪಾಸ್ಟರು "ಹೌದಮ್ಮ, ಸುಲಭವೇ," ಎಂದು ಹೇಳಿ ಮೆಲ್ಲಗೆ ವಾಪಸಾದರು.

ಅವಳು ಲಾಂಚು ಕಟ್ಟುವ ಕಂಬಕ್ಕೆ ಒರಗಿ ಕೂತಳು. ಪ್ರಾರ್ಥನೆ ಮಾಡಲು ಹೋದರೆ ಜಗಳವೇ ಬಾಯಿಗೆ ಬಂತು. ಕರ್ತನೇ, ನಿನ್ನ ಹತ್ತಿರ ಲೆಕ್ಕವಿಲ್ಲದಷ್ಟು ದಿನಗಳಿವೆ, ಅದರಲ್ಲಿ ಒಂದನ್ನು ನನಗೆ ಕೊಡಲು ಆಗಲಿಲ್ಲವೇ? ನಿನ್ನ ಕೆಲಸಕ್ಕೆಂದು ಬಂದಾಗಲೇ ಹೀಗೆ ಮಾಡಬೇಕಿತ್ತೇ? ನೀರು ಕೆಂಪಗೆ ಸುಳಿ ಸುತ್ತುತ್ತ ಹೋಗುತ್ತಿತ್ತು. ಆಚೆ ದಡ ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಎಂಟು ತಿಂಗಳ ಮಗು ಆಗಲೇ ಅಂಬೆಗಾಲಿಡುತ್ತಿರಬಹುದು. ಕೂದಲು ಗುಂಗುರೋ ನೇರವೋ, ಒಂದೂ ಗೊತ್ತಿಲ್ಲದ ಆ ಮಗುವಿಗಾಗಿ ಅವಳ ತೋಳು ನಿಜವಾಗಿ ನೋಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ಕೂತರು. ಅಜ್ಜಿ. ಶಾಲೆಯಲ್ಲಿ ಕಾದು ಕಾದು ಹುಡುಕಿಕೊಂಡು ಬಂದಿದ್ದಳು. ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳಷ್ಟೆ. ನೆರಳು ಕಾಲಬುಡಕ್ಕೆ ಬಂದಾಗ ಹಲ್ಲಿನಕ್ಕ ಮೂಗು ಒರೆಸಿಕೊಂಡು ಎದ್ದಳು. ಅದು ನಂಬಿಕೆಯಿಂದ ಎದ್ದದ್ದೇನಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನಿಸಿತ್ತು. "ನಡೀರಿ ಅಜ್ಜಿ. ಯಜಮಾನರನ್ನೂ ಕರ್ಕೊಂಡು ಬನ್ನಿ, ಅವರೇ ನೋಡಿ ಹೇಳಲಿ," ಎಂದಳು.

ಮುದುಕ ಬಂದ. ಹೆಂಡತಿಯ ಎದುರಿಗೆ ಬೆಂಚಿನ ಮೇಲೆ ಕೂತು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಮುಖ ಬಿಗಿ ಮಾಡಿಕೊಂಡ. "ಮೇಲಿನ ತುಟಿ ಇನ್ನೊಂಚೂರು ಮುಂದಿತ್ತು," ಎಂದು ಕಿವುಡರ ಜೋರು ದನಿಯಲ್ಲಿ ಹೇಳಿದ. ಅವಳು ಮೇಣ ಬಿಸಿಮಾಡಿ ಹಲ್ಲನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ನೋಡಿದ, ಮತ್ತೆ ತಲೆಯಾಡಿಸಿದ. ಆ ದಿನವೂ, ಮರುದಿನ ಬೆಳಿಗ್ಗೆಯೂ ಅದೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಒಮ್ಮೆ ನಿಂತಿತು. ಕಿಟಕಿಯಾಚೆ ಬಿಸಿಲು ನೋಡಿದಳು. ಮತ್ತೆ ಚಾಕು ಎತ್ತಿಕೊಂಡಳು.

ಲಾಂಚಿನ ಹಿಂದಿನ ಸಂಜೆ ಹಲ್ಲು ತಯಾರಾಯಿತು. ಅಜ್ಜಿ ಅದನ್ನು ಹಾಕಿಕೊಂಡು, ಮುಖವನ್ನು ಬೆಳಕಿಗೆ ಹಿಡಿದು, ಗಂಡನಿಗೆ ಎದುರಾಗಿ ನಿಧಾನಕ್ಕೆ ಹೇಳಿದಳು: "ನಿಮ್ಮ ಗೊರಕೆಗೆ ನನಗೆ ನಿದ್ದೆ ಬರಲ್ಲ."

ಮುದುಕ ಅವಳ ತುಟಿಯನ್ನೇ ನೋಡಿದ. "ನಾನೆಲ್ಲಿ ಗೊರಕೆ ಹೊಡೀತೀನಿ? ನನಗಂತೂ ಕೇಳಿಸಿಲ್ಲ," ಎಂದ. ಅಷ್ಟರಲ್ಲೇ ಅವನ ಕಣ್ಣು ತುಂಬಿಬಂತು. ಹೆಂಡತಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಇನ್ನೇನಾದ್ರೂ ಹೇಳು," ಎಂದ. ಅವಳು ಹೇಳುತ್ತಲೇ ಹೋದಳು. ಹಲ್ಲಿನಕ್ಕ ಬೆನ್ನು ತಿರುಗಿಸಿ ಚಾಕುಗಳನ್ನು ತೊಳೆಯತೊಡಗಿದಳು.

ಮರುದಿನ ಲಾಂಚು ಇಳಿದಾಗ ಆಚೆ ದಡದಲ್ಲಿ ಗಂಡ ಕಾಯುತ್ತಿದ್ದ. ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಕೇಂದ್ರಕ್ಕೆ ಒಬ್ಬನೇ ಹೋಗಿದ್ದನಂತೆ. ಒಂದೆರಡು ದಿನ ಕೊಡಿ ಎಂದು ಅಂಗಲಾಚಿದ್ದನಂತೆ. ಅಲ್ಲಿನ ಮೇಡಂ ಒಳ್ಳೆಯವರೇ, ಆದರೆ ನಿಯಮ ನಿಯಮವೇ. ಸರದಿಯಲ್ಲಿ ತಮ್ಮ ಹಿಂದಿದ್ದ ದಂಪತಿ ಮಗುವನ್ನು ಎತ್ತಿಕೊಂಡು ಹೋಗುವಾಗ ಅವನು ಗೇಟಿನ ಹತ್ತಿರವೇ ನಿಂತಿದ್ದ.

"ನೋಡಿದ್ರಾ?" ಎಂದಳು.

"ನೋಡಿದೆ. ಆ ಹೆಂಗಸಿನ ಸರ ಹಿಡ್ಕೊಂಡು ನಗ್ತಾ ಇತ್ತು."

ಇಬ್ಬರೂ ಬಸ್ಸು ಹತ್ತಿದರು. ಅವಳು ಅತ್ತಳು, ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಅವಳ ಕೈ ಹಿಡಿದಿದ್ದ. ಅರ್ಧ ದಾರಿಯಲ್ಲಿ ಅವಳು ಅಜ್ಜಿಯೂ ಮುದುಕನೂ ಆಡಿದ ಗೊರಕೆಯ ಮಾತು ಹೇಳಿದಳು. ಅವನಿಗೆ ನಗು ಬಂತು, ಅವಳಿಗೂ ಬಂತು. ನಗುತ್ತಿರುವಾಗಲೇ ಮತ್ತೆ ಅಳು ಬಂತು.

ಮತ್ತೊಂದು ಕರೆ ಇನ್ನೂ ಬಂದಿಲ್ಲ. ಯಾವಾಗ ಎಂದು ಅವಳು ದೇವರನ್ನು ಕೇಳುವುದನ್ನು ಬಿಟ್ಟಿದ್ದಾಳೆ, ಕಾಯುವುದನ್ನು ಬಿಟ್ಟಿಲ್ಲ. ಸಂಜೆ ಪ್ರಾರ್ಥನೆಗೆ ಕೂತಾಗ ಮೊದಲು ಆ ಎಂಟು ತಿಂಗಳ ಮಗುವಿಗೂ, ಅದರ ಹೊಸ ಅಮ್ಮನಿಗೂ ಒಳ್ಳೆಯದು ಕೇಳುತ್ತಾಳೆ. ಕೆಲವು ದಿನ ಆ ಮಾತನ್ನು ಎರಡು ಸಲ ಶುರುಮಾಡಬೇಕಾಗುತ್ತದೆ. ಆಮೇಲೆ, ನಮ್ಮದಾಗಲಿರುವ ಮಗು ಈಗ ಎಲ್ಲೇ ಇರಲಿ, ನಾವು ಹೋಗಿ ಎತ್ತಿಕೊಳ್ಳುವ ತನಕ ಯಾರಾದರೂ ಅದಕ್ಕೆ ಹೊತ್ತಿಗೆ ಸರಿಯಾಗಿ ಉಣ್ಣಿಸಲಿ, ಅತ್ತರೆ ಎತ್ತಿಕೊಳ್ಳಲಿ ಎಂದು ಬೇಡುತ್ತಾಳೆ. ಗಂಡ ಆಮೆನ್ ಎನ್ನುತ್ತಾನೆ.