ಡ್ರೆಡ್‌ನಾಟ್‌ಗೆ ಹಚ್ಚಿದ ಬಣ್ಣ

ನಿತೀಶ್ ಮರದ ಪುಟ್ಟ ಹಡಗನ್ನು ಉದ್ದಕ್ಕೆ ಇಟ್ಟು ನೋಡಿದ, ಓರೆಯಾಗಿ ಇಟ್ಟು ನೋಡಿದ. ಅಪ್ಪನ ಕಾಲ ಬಳಿ ಅದಕ್ಕೆ ಜಾಗ ಸಾಲಲಿಲ್ಲ. ಶವಪೆಟ್ಟಿಗೆ ಅಪ್ಪನ ಅಳತೆಯದು. ಜೊತೆಗೊಂದು ಯುದ್ಧನೌಕೆಯೂ ಹೊರಡುತ್ತದೆಂದು ಯಾರೂ ಮೊದಲೇ ಹೇಳಿರಲಿಲ್ಲ.

“ಬಿಡಪ್ಪ, ಮನೆಗೇ ತಗೊಂಡ್ಹೋಗೋಣ,” ಎಂದಳು ತಾಯಿ ಕಾತ್ಯಾಯಿನಿ.

ಚಿತಾಗಾರದ ಹಾಲ್‌ನಲ್ಲಿ ಮೌಂಟ್ ರಾಸ್ಕಿಲ್ ಬಡಾವಣೆಯ ಪರಿಚಯದವರೆಲ್ಲ ಸೇರಿದ್ದರು. ಗೆಳತಿ ಪದ್ಮಾವತಿ ಕಾತ್ಯಾಯಿನಿಯ ಕೈ ಹಿಡಿದು ಕೇಳಿದಳು: “ಹೇಗಾಯ್ತೇ? ನೀನು ಮನೇಲೇ ಇದ್ಯಲ್ಲ?”

ಬೆಳಗಿನಿಂದ ಕಾತ್ಯಾಯಿನಿ ಹೆದರಿದ್ದು ಇದೊಂದೇ ಪ್ರಶ್ನೆಗೆ. ಡಾಕ್ಟರ್ ಲಿಂಗರಾಜ ನಡುವೆ ಬಂದ.

“ಎದಿ ನಿಂತಬಿಟ್ಟದರಿ. ಕಣ್ಣ ಮುಚ್ಚಿ ತೆಗಿಯೂದ್ರಾಗ ಮುಗದಿರ್ತದ. ಅವರಿಗೇನೂ ಗೊತ್ತಾಗಿರಂಗಿಲ್ಲ.”

ಏನೂ ಗೊತ್ತಾಗಿರಲಿಕ್ಕಿಲ್ಲ. ಆ ಒಂದು ಮಾತನ್ನು ನಂಬಿಕೊಂಡು ಕಾತ್ಯಾಯಿನಿ ನಿಂತಿದ್ದಳು.

*

ಡ್ರೆಡ್‌ನಾಟ್, ನೂರು ವರ್ಷದ ಹಿಂದಿನ ಬ್ರಿಟಿಷರ ಹಡಗು. ಗಂಡ ಚಂದ್ರಮೌಳಿ ಗ್ಯಾರೇಜಿನಲ್ಲಿ ಕೂತು ಅದರ ಪುಟ್ಟ ಮಾದರಿಯನ್ನು ಮರದಲ್ಲಿ ಕಟ್ಟುತ್ತಿದ್ದ.

“ಹೊಗೆಕೊಳವೆ ಹಿಂದೆ ಕಂಬ ನಿಲ್ಸಿದಾರೆ ನೋಡು, ದೋಣಿ ಎತ್ತೋಕೆ ಅನುಕೂಲ ಅಂತ. ಮೇಲೆ ಕಾವಲಿಗೆ ಕೂತೋನು ಹೊಗೇಲಿ ಬೇಯ್ತಿದ್ದ.”

“ಇಳಿದು ಬರಬಾರದಾಗಿತ್ತಾ ರೀ?”

“ಇಳಿಯೋ ಕಂಬಾನೇ ಹೊಗೆಗೆ ಕಾದಿರುತ್ತಲ್ಲೇ.”

“ಆ ಎಂಜಿನಿಯರ್‌ನ ಒಂದಿನ ನಮ್ಮಜ್ಜಿ ಒಲೆ ಮುಂದೆ ಕೂರಿಸಬೇಕಿತ್ತು,” ಎಂದಿದ್ದಳು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಬಣ್ಣ ಹಚ್ಚುವ ದಿನ ಗ್ಯಾರೇಜಿನ ಬಾಗಿಲಿಗೆ ಹೊರಗೊಂದು ಟವೆಲ್ ತೂಗುಬೀಳುತ್ತಿತ್ತು. ಟವೆಲ್ ಇದ್ದರೆ ಯಾರೂ ತೆರೆಯುವಂತಿಲ್ಲ, ಹಸಿ ಬಣ್ಣಕ್ಕೆ ಧೂಳು ಕೂರುತ್ತದೆ. ಗಂಡನ ಎಷ್ಟೋ ಮಾತನ್ನು ಗಾಳಿಗೆ ತೂರಿದವಳು ಈ ಕಟ್ಟಳೆಯನ್ನು ಮಾತ್ರ ಒಮ್ಮೆಯೂ ಮುರಿದಿರಲಿಲ್ಲ.

ಅವತ್ತೂ ಟವೆಲ್ ಇತ್ತು. ಊಟಕ್ಕೆ ಕರೆದಾಗ ಒಳಗಿನಿಂದ ಟಕ್ ಟಕ್ ಎಂದಿತು. ಬಣ್ಣದ ಡಬ್ಬಿಯ ಮುಚ್ಚಳ ಬಡಿಯುತ್ತಿದ್ದಾನೆ, ಇನ್ನೇನು ಬರುತ್ತಾನೆ ಎಂದುಕೊಂಡು ಅವಳು ತಟ್ಟೆ ಹಾಕಿದಳು. ಸಾರು ಆರಿತು. ಮತ್ತೆ ಬಿಸಿ ಮಾಡಿದಳು. ಕತ್ತಲಾಗುವ ಹೊತ್ತಿಗೆ ತಾಳ್ಮೆಗೆಟ್ಟು ಬಾಗಿಲು ತಳ್ಳಿದರೆ, ಅವನು ಬಾಗಿಲ ಪಕ್ಕದ ಗೋಡೆಗೊರಗಿ ಕೂತಿದ್ದ, ದಣಿವಾರಿಸಿಕೊಳ್ಳುವವನ ಹಾಗೆ.

*

ಚಿತಾಗಾರದಿಂದ ಬಂದು ಎಲ್ಲರ ಸ್ನಾನವಾಯಿತು. ಅಡುಗೆಮನೆಯಲ್ಲಿ ಪದ್ಮಾವತಿ ಅನ್ನಕ್ಕಿಟ್ಟಿದ್ದಳು.

“Mum, I'll take it,” ಎಂದ ನಿತೀಶ್.

“ಬೇಡ, ನಾನೇ ಇಡ್ತೀನಿ.”

ಹಡಗನ್ನು ಗ್ಯಾರೇಜಿಗೆ ಒಯ್ದು ಮೇಜಿನ ಮೇಲಿಟ್ಟಳು. ಅವತ್ತು ತಳ್ಳಿದ ಬಾಗಿಲು ಗೋಡೆಗೆ ತಾಗಿಕೊಂಡು ಹಾಗೇ ಇತ್ತು. ಯಾರೂ ಮುಚ್ಚಿರಲಿಲ್ಲ. ಒಬ್ಬಳೇ ಒಮ್ಮೆ ಗಟ್ಟಿಯಾಗಿ ಅಳಬೇಕೆನಿಸಿ ಒಳಗಿನಿಂದ ಮುಚ್ಚಿದಳು.

ಬಾಗಿಲ ಒಳಮೈಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಹಡಗಿನದೇ ಬೂದು ಬಣ್ಣದ ಬೆರಳ ಗುರುತುಗಳು. ಚಿಲಕದ ಕಡೆಗೆ ಒಂದರ ಮೇಲೊಂದು ಏರುತ್ತ ಹೋಗಿ ಅರ್ಧಕ್ಕೇ ನಿಂತಿದ್ದವು. ಬಣ್ಣ ಚೆನ್ನಾಗಿ ಒಣಗಿತ್ತು.