ಕೆಂಪು ಬಳಿದ ಬಟನ್

ಹೃದಯದ ವಾರ್ಡಿನ ಹಿರಿಯ ನರ್ಸಿಗೆ ತನ್ನ ಕೈಚುರುಕಿನ ಮೇಲೆ ಬಲು ಹೆಮ್ಮೆ. ವಾರ್ಡಿನ ಬಾಗಿಲಾಚೆಗಿರುವ ಅವಳ ಮೇಜಿನ ಕಂಪ್ಯೂಟರಿನಲ್ಲಿ ನಾಲ್ಕು ಹಾಸಿಗೆಗಳ ನಾಲ್ಕು ಹಸಿರು ಗೆರೆಗಳು ಟಿಕ್ ಟಿಕ್ ಎನ್ನುತ್ತಾ ಹಗಲಿರುಳು ಓಡುತ್ತಿರುತ್ತವೆ. ಯಾವುದಾದರೂ ಗೆರೆ ಎಡವಿತೋ, ಕಿವಿ ತೂತಾಗುವಂಥ ಸದ್ದು ಹೊರಟು ಪರದೆಯ ನಡುವೆ ‘ನೋಡಿದಿರಾ?’ ಎಂಬ ಚೌಕ ಬೀಳುತ್ತದೆ. ಕೀಬೋರ್ಡಿನ ವೈ ಬಟನ್, ಅಂದರೆ ‘ಯೆಸ್’, ಒತ್ತಿದರೆ ಸದ್ದು ನಿಲ್ಲುತ್ತದೆ. ದಿನಕ್ಕೆ ನೂರು ಸಲ ಇದೇ ಪಾಡು. ಹೆಚ್ಚಿನ ಸಲ ರೋಗಿ ಮಗ್ಗುಲು ಬದಲಿಸಿರುತ್ತಾನೆ, ಅಷ್ಟೇ. ಆ ಬಟನ್ನಿಗೆ ಅವಳೇ ಕೆಂಪು ನೇಲ್ ಪಾಲಿಶ್ ಬಳಿದಿದ್ದಳು. ಇಪ್ಪತ್ತು ವರ್ಷಗಳಲ್ಲಿ ಅವಳ ಬೆರಳು ಅವಳನ್ನು ಕೇಳಿ ಒತ್ತುವುದನ್ನೇ ಬಿಟ್ಟಿತ್ತು.

ಹಾಸಿಗೆಗಳ ಪಕ್ಕದಲ್ಲಿ ಎದೆಬಡಿತ ಅಳೆಯುವ ಪೆಟ್ಟಿಗೆಗಳ ಸದ್ದನ್ನು, ರೋಗಿಗಳ ನಿದ್ದೆ ಕೆಡುತ್ತದೆಂದು ಅಡಗಿಸಿಟ್ಟವಳೂ ಅವಳೇ. ಕೂಗುವುದೇನಿದ್ದರೂ ಮೇಜಿನ ಪರದೆಯೇ ಕೂಗಬೇಕು.

ಆ ಮಧ್ಯಾಹ್ನ ನಾಲ್ಕನೇ ಹಾಸಿಗೆಯಲ್ಲಿ ಮಲಗಿದ್ದವಳು ಅವಳ ಒಡಹುಟ್ಟಿದ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಇವಳಿಗೆ ತಲೆ ಬಾಚಿ, ಶಾಲೆಗೆ ಕಳಿಸಿ, ನರ್ಸ್ ಓದಿಸಿದವಳು. “ನಾಡಿ ನಲವತ್ತಕ್ಕಿಂತ ಕೆಳಗಿಳಿದರೆ ತಕ್ಷಣ ನನ್ನನ್ನ ಕರೀರಿ. ಹಾಸಿಗೆಯಿಂದ ಮಾತ್ರ ಏಳಕೂಡದು” ಎಂದು ಹೇಳಿ ಡಾಕ್ಟರು ಮೇಲಿನ ಮಹಡಿಗೆ ಹೋಗಿದ್ದರು. ಜೊತೆಯ ನರ್ಸ್ ಊಟಕ್ಕೆ ಹೋಗಿದ್ದಳು.

ಹಳೆಯ ಪರದೆ ಬೆಳಗ್ಗೆ ಕೈಕೊಟ್ಟಿದ್ದರಿಂದ ಎಲ್ಲೋ ಮೂಲೆಯಲ್ಲಿದ್ದ ಇನ್ನೊಂದನ್ನು ತಂದು ಜೋಡಿಸಿದ್ದರು. ಅದರಲ್ಲಿ ಗೆರೆಗಳು ಅಡ್ಡಕ್ಕೆ ಹಿಗ್ಗಿ, ಸಣ್ಣಗೆ ನಡುಗುತ್ತಿದ್ದವು. ಅಕ್ಕನ ಎದೆ ನಡುಗುತ್ತಿದೆಯೋ ಪರದೆ ನಡುಗುತ್ತಿದೆಯೋ ತಿಳಿಯದೆ ಅವಳು ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದಳು.

“ರೆಸಲ್ಯೂಷನ್, ಅಂದ್ರೆ ಚಿತ್ರದ ಅಳತೆ, ಸರಿಯಾಗಿ ಕೂತಿಲ್ಲ ಮೇಡಂ. ಕಸ್ಟಮ್ ಅಂತ ಇದೆಯಲ್ಲ, ಅಲ್ಲಿ ನಾನು ಹೇಳೋ ಅಗಲ, ಎತ್ತರ ಹಾಕಿ. ರಿಫ್ರೆಶ್ ರೇಟ್ ಎಪ್ಪತ್ತೈದು ಹಾಕಿ. ಅಂದ್ರೆ ಸೆಕೆಂಡಿಗೆ ಎಪ್ಪತ್ತೈದು ಸಲ ಚಿತ್ರ ಮೂಡಿಸು ಅಂತ. ನಡುಕ ನಿಂತರೂ ನಿಲ್ಲಬಹುದು. ಆದ್ರೆ ಒಂದು ಮಾತು. ‘ಇದನ್ನೇ ಉಳಿಸಲಾ?’ ಅಂತ ಕೇಳುತ್ತೆ. ಚಿತ್ರ ಕೆಟ್ಟಿದ್ರೆ ಏನನ್ನೂ ಮುಟ್ಟಬೇಡಿ. ಹದಿನೈದು ಸೆಕೆಂಡಿಗೆ ತಾನಾಗೇ ಮೊದಲಿನ ಹಾಗೆ ಆಗುತ್ತೆ.”

“ಅಷ್ಟೂ ಗೊತ್ತಾಗಲ್ವೇನಪ್ಪಾ ನನಗೆ?” ಎಂದಳು. ಅಂಕಿಗಳನ್ನು ತುಂಬಿದಳು.

ಪರದೆ ಒಮ್ಮೆ ಕಣ್ಣುಮುಚ್ಚಿ ತೆರೆಯಿತು. ಚಿಂದಿಚಿಂದಿಯಾದ ಚಿತ್ರದ ನಡುವೆ ಒಂದು ಚೌಕ ಬಿತ್ತು. ಚೌಕ ಕಂಡದ್ದೇ ತಡ, ಬೆರಳು ಕೆಂಪು ಬಟನ್ ಒತ್ತಿ ವಾಪಸ್ಸು ಬಂದಿತ್ತು. ಪ್ರಶ್ನೆ ಏನೆಂದು ಕಣ್ಣು ಓದುವಷ್ಟರಲ್ಲಿ ಎಲ್ಲವೂ ಕಪ್ಪಾಯಿತು. ‘ಔಟ್ ಆಫ್ ರೇಂಜ್’, ಇದು ನನ್ನ ಮಿತಿ ಮೀರಿದ್ದು ಎಂಬ ಅಕ್ಷರಗಳು ಒಂದು ಗಳಿಗೆ ತೇಲಿ ಅವೂ ಮಾಯವಾದವು. ಸದ್ದು ಬರುತ್ತಿದ್ದದ್ದೂ ಆ ಪರದೆಯಿಂದಲೇ. ಟಿಕ್ ಟಿಕ್ ಎನ್ನುತ್ತಿದ್ದ ನಾಲ್ಕು ಎದೆಗಳೂ ಸುಮ್ಮನಾದವು.

ಹದಿನೈದು ಎಣಿಸಿದಳು. ಮೂವತ್ತು ಎಣಿಸಿದಳು. ಕಪ್ಪು ಕಪ್ಪಾಗಿಯೇ ಉಳಿಯಿತು.

“‘ಉಳಿಸಲಾ’ ಅಂದಾಗ ಒತ್ತಿಬಿಟ್ರಾ?” ಎಂದ ಫೋನಿನವನು.

“ಒತ್ತಿಬಿಟ್ಟೆ ಕಣಪ್ಪ. ಕೈ ತಾನಾಗೇ ಹೋಯ್ತು.”

“ಹೆದರಬೇಡಿ. ಬೇರೆ ಪರದೆ ಹಾಕಿದ್ರೆ ಅದು ಅದರ ಅಳತೆಗೇ ತೆರೆದುಕೊಳ್ಳುತ್ತೆ. ನೋಂದಣಿ ಕೌಂಟರಿನ ಪರದೆ ತಂದು ಹಾಕಿ. ಅಂದಹಾಗೆ, ರೋಗಿಗಳೆಲ್ಲ ಹುಷಾರಾಗಿದ್ದಾರಾ?”

“ಪರದೆಯೇ ಹೋಗಿದೆ, ನನಗೆ ಹೇಗೆ ಗೊತ್ತಾಗಬೇಕು!” ಎಂದು ರೇಗಿದಳು.

ಫೋನ್ ಕುಕ್ಕಿದಳು. ವಾರ್ಡಿನ ಬಾಗಿಲು ಹತ್ತೇ ಹೆಜ್ಜೆ ದೂರವಿತ್ತು. ಅವಳು ಅದರ ಕಡೆಗೆ ಬೆನ್ನು ಹಾಕಿ ಕೌಂಟರಿಗೆ ಓಡಿದಳು.

ಪರದೆಯನ್ನು ಮಗುವಿನಂತೆ ಅವಚಿಕೊಂಡು ತಂದಳು. ಅವಸರಕ್ಕೆ ವೈರಿನ ತುದಿ ತೂತಿಗೆ ಕೂರಲೊಲ್ಲದು. ನಲವತ್ತಕ್ಕಿಂತ ಕೆಳಗೆ, ನಲವತ್ತಕ್ಕಿಂತ ಕೆಳಗೆ ಎಂಬ ಡಾಕ್ಟರ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮೂರನೇ ಸಲಕ್ಕೆ ತುದಿ ಕೂತಿತು. ಪರದೆ ಬೆಳಗಿತು.

ಮೂರು ಗೆರೆಗಳು ಕುಣಿಯುತ್ತಿದ್ದವು. ನಾಲ್ಕನೆಯದು ಸಪಾಟು. ಚೌಕ ಬಿದ್ದು, ಸದ್ದು ಕಿತ್ತುಕೊಂಡು ಬಂತು.

“ಅಕ್ಕಾ!” ಎಂದು ಚೀರಿ ತಿರುಗಿದಳು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಚೌಕಟ್ಟಿಗೆ ಆತುಕೊಂಡಿದ್ದಳು, ತುಟಿ ನೀಲಿಗಟ್ಟಿತ್ತು, ಎದೆಗೆ ಅಂಟಿಸಿದ್ದ ವೈರುಗಳು ಕಿತ್ತು ಜೋತಾಡುತ್ತಿದ್ದವು.

“ನಿನ್ನ ಟಿಕ್ ಟಿಕ್ ಸದ್ದು ನಿಂತುಹೋಯ್ತಲ್ಲೇ ಪುಟ್ಟಿ” ಎಂದಳು ಅಕ್ಕ, ಏದುಸಿರು ಬಿಡುತ್ತಾ. “ಎರಡು ಸಲ ಕೂಗಿದೆ, ನೀನು ಓಗೊಡಲಿಲ್ಲ. ನಿನಗೇನಾದ್ರೂ ಆಯ್ತೇನೋ ಅಂತ ಜೀವ ಹಾರಿಹೋಯ್ತು. ನೋಡೋಣ ಅಂತ ಎದ್ದು ಬಂದೆ.”

ಅಷ್ಟು ಹೇಳಿ ಅವಳು ಕುಸಿದಳು. ತಂಗಿ ಓಡಿ ಹೋಗಿ ತಬ್ಬಿ, ನೆಲದ ಮೇಲೇ ಮಲಗಿಸಿ, “ಡಾಕ್ಟರನ್ನ ಕರೀರಿ, ಯಾರಾದ್ರೂ!” ಎಂದು ಕಟ್ಟಡವೇ ಹಾರಿಹೋಗುವಂತೆ ಕೂಗಿದಳು. ಮೆಟ್ಟಿಲಲ್ಲಿ ಯಾರೋ ಓಡಿದ ಸದ್ದಾಯಿತು. ಅವಳು ಅಕ್ಕನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಗೋಡೆ ಗಡಿಯಾರ ನೋಡುತ್ತಾ ಬಡಿತ ಎಣಿಸತೊಡಗಿದಳು. ನಾಡಿ ಎಲ್ಲೋ ಆಳದಲ್ಲಿತ್ತು, ತೀರ ನಿಧಾನವಾಗಿತ್ತು. ಹತ್ತು. ಹನ್ನೊಂದು. ಬೆನ್ನ ಹಿಂದೆ ಪರದೆ ಒಂದೇ ಸಮ ಅರಚುತ್ತಿತ್ತು.

“ಅದನ್ನ ಮೊದಲು ನಿಲ್ಲಿಸೇ” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

“ಕೂಗಲಿ ಬಿಡು” ಎಂದಳು ತಂಗಿ. ಅಳು ಉಕ್ಕಿ ಬರುತ್ತಿದ್ದರೂ ಬೆರಳು ತೆಗೆಯಲಿಲ್ಲ. ಹನ್ನೆರಡು ಎಂದು ಎಣಿಸಿದಳು.