ಅಣ್ಣ ಒತ್ತಿದ ಅಪ್‌ಡೇಟ್

ಮೈಯೆಲ್ಲ ಉರಿದುಹೋಯಿತು. ಮೂರು ದಿನ ಒದ್ದಾಡಿ ಬದುಕಿಸಿದ್ದ ಲ್ಯಾಪ್‌ಟಾಪಿನ ವೈಫೈ ಕಾರ್ಡು ಬೆಳಿಗ್ಗೆ ಹತ್ತೂವರೆಗೆ ಸತ್ತು ಬಿದ್ದಿತ್ತು. ಹನ್ನೊಂದಕ್ಕೆ ಅಣ್ಣನ ಪರೀಕ್ಷೆ.

ಅಣ್ಣ ವೆಲ್ಡರ್. ಯಂತ್ರಕ್ಕೆ ಸಿಕ್ಕಿ ಬಲಗೈ ಹೆಬ್ಬೆರಳು ಹೋದಮೇಲೆ ಬೆಸುಗೆಯ ಟಾರ್ಚ್ ಹಿಡಿಯಲಾರ. ಈ ಪರೀಕ್ಷೆ ಪಾಸಾದರೆ ಅದೇ ಕಾರ್ಖಾನೆಯಲ್ಲಿ ಬೆಸುಗೆ ತಪಾಸಣೆಯ ಕೆಲಸ, ಇಲ್ಲದಿದ್ದರೆ ಗೇಟಿನಾಚೆ. ಮನೆಯಿಂದ, ಇಂಟರ್ನೆಟ್ಟಿನ ಮೂಲಕ, ಕಂಪ್ಯೂಟರಿನಲ್ಲೇ ಬರೆಯಬೇಕಂತೆ. ನಮ್ಮದು ನೆಲಮಾಳಿಗೆಯ ಮನೆ, ಫೋನಿಗೆ ಸಿಗ್ನಲ್ಲೇ ಇಲ್ಲ. ಗತಿ ಮೇಲಿನ ಮನೆಯವರ ವೈಫೈ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್. ಆ ದರಿದ್ರ ಕಾರ್ಡಿನ ಕಂಪನಿಯವರು ಲಿನಕ್ಸಿಗೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಕೊಡುವುದಿಲ್ಲ. ಯಾರೋ ಪುಣ್ಯಾತ್ಮ ಬರೆದಿಟ್ಟ ಕೋಡ್ ಹುಡುಕಿ, ನನ್ನ ಲ್ಯಾಪ್‌ಟಾಪಿಗೆ ಹೊಂದುವಂತೆ ನಾನೇ ಕಂಪೈಲ್ ಮಾಡಿ ಕೂರಿಸಿದ್ದೆ.

"ಏನು ಮಾಡ್ದೆ?" ಎಂದೆ.

"ಅಪ್‌ಡೇಟ್ ಮಾಡಿ ಅಂತ ಬಂತು ಕಣೇ. ಪರೀಕ್ಷೆ ಮಧ್ಯೆ ಕೈಕೊಡಬಾರ್ದು ಅಂತ ಒತ್ತಿದೆ. ರೀಸ್ಟಾರ್ಟ್ ಕೇಳ್ತು, ಅದನ್ನೂ ಮಾಡ್ದೆ."

"ಒತ್ತು ಅಂತ ನಿನಗ್ಯಾರು ಹೇಳಿದ್ರು? ತಲೆ ಇದೆಯಾ? ಸಿಸ್ಟಮ್ಮಿನ ತಿರುಳೇ ಬದಲಾಗಿದೆ, ಹೊಸ ಕರ್ನಲ್ ಬಂದು ಕೂತಿದೆ, ನನ್ನ ಡ್ರೈವರ್ ಹಳೇದಕ್ಕೆ ಮಾಡಿದ್ದು! ಮುಟ್ಟಿದ್ದೆಲ್ಲ ಹಾಳು ಮಾಡ್ತೀಯ. ಬೆರಳು ಕಳ್ಕೊಂಡಿದ್ದೂ ಹಿಂಗೇ ತಾನೆ?"

ಅಣ್ಣ ಕುರ್ಚಿ ಬಿಟ್ಟು ಎದ್ದು ನನಗೆ ಜಾಗ ಕೊಟ್ಟ. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ.

ಮತ್ತೆ ಕಂಪೈಲ್ ಮಾಡಹೋದರೆ ಹೊಸ ಕರ್ನಲ್ಲಿನ ಫೈಲುಗಳು ಬೇಕೆಂದಿತು. ಅವನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಥೂ! ಕೀಬೋರ್ಡಿಗೆ ಗುದ್ದಿದೆ. ಡ್ರೈವರ್ ಕೂರಿಸಿದ ದಿನ ಉಳಿಸಿಟ್ಟುಕೊಂಡಿದ್ದ ಸೂಚನೆಗಳ ಪುಟ ತೆರೆದೆ. ಕಣ್ಣಿಗೆ ಬಿದ್ದದ್ದು ಇದು: ಕರ್ನಲ್ ಬದಲಾದಾಗ ಡ್ರೈವರ್ ತಾನಾಗಿ ಮತ್ತೆ ಸಿದ್ಧವಾಗಬೇಕಾದರೆ ಈ ಒಂದು ಸಾಲಿನ ಕಮಾಂಡ್ ಕೊಡಿ.

ಅಂದೂ ಓದಿದ್ದೆ. ಒಂದು ದಿನದ ಪರೀಕ್ಷೆಗೆ ಇದೆಲ್ಲ ಯಾಕೆ ಎಂದು ಬಿಟ್ಟಿದ್ದೆ.

ಅದರ ಕೆಳಗೇ ದಾರಿಯೂ ಇತ್ತು. ರೀಸ್ಟಾರ್ಟ್ ಮಾಡಿ, ಇನ್ನೂ ಅಳಿಸದೆ ಉಳಿದಿದ್ದ ಹಳೇ ಕರ್ನಲ್ ಆರಿಸಿಕೊಂಡೆ. ವೈಫೈ ಬಂತು. ಗಂಟೆ ಹನ್ನೊಂದು ದಾಟಿ ಏಳು ನಿಮಿಷ. ಪರೀಕ್ಷೆಯ ಪುಟದಲ್ಲಿ ಒಂದೇ ವಾಕ್ಯ: ಪ್ರವೇಶದ ಸಮಯ ಮುಗಿದಿದೆ.

"ತಪ್ಪಾಯ್ತು ಕಣೇ ಪುಟ್ಟಿ," ಎಂದ ಅಣ್ಣ. "ಮೂರು ದಿನ ನೀನು ಪಟ್ಟ ಕಷ್ಟವನ್ನೆಲ್ಲ ನೀರುಪಾಲು ಮಾಡ್ದೆ."

ಅವನ ಮೇಲಿದ್ದ ಸಿಟ್ಟಷ್ಟೂ ನನ್ನ ಮೇಲೇ ತಿರುಗಿತು. "ನಿಂದಲ್ಲ, ನಂದು," ಎಂದು ಆ ಸಾಲು ತೋರಿಸಿದೆ.

ಅಣ್ಣ ಅದನ್ನು ಎರಡು ಸಲ ಓದಿದ.

"ಕಂಪ್ಯೂಟರಿನ ಚಿಂತೆ ಬೇಡ, ನನ್ನ ತಂಗಿ ಇದಾಳೆ ಅಂತ ನಿನ್ನೆ ಫೋರ್‌ಮನ್‌ಗೆ ಹೇಳಿ ಬಂದಿದ್ದೆ," ಎಂದು ಲ್ಯಾಪ್‌ಟಾಪ್ ಮುಚ್ಚಿದ.